ಸಾಕೆಟ್ ಕಾಯಿಸುವುದಿಲ್ಲ, ಫೈಲ್ ಮಾತ್ರ ಯಾಕೆ ಕಾಯಿಸುತ್ತದೆ?

ಪ್ರಶ್ನೆ: ಲಿನಕ್ಸ್‌ನಲ್ಲಿ, ಸಿ ಭಾಷೆಯಲ್ಲಿ ಒಂದು ಸರ್ವರ್ ಬರೆದಿದ್ದೇನೆ. ಲಾರಿಗಳಲ್ಲಿ ಕೂರಿಸಿದ ಜಿಪಿಎಸ್ ಪೆಟ್ಟಿಗೆಗಳು ಟಿಸಿಪಿ ಮೂಲಕ ತಾವಿರುವ ಜಾಗವನ್ನು ಕಳಿಸುತ್ತವೆ. ಅದನ್ನು ದಿನಕ್ಕೊಂದು ಫೈಲಿನಲ್ಲಿ ಬರೆದಿಡುತ್ತೇನೆ. ಯಾರಾದರೂ ಹಳೆಯ ದಿನದ ಮಾಹಿತಿ ಕೇಳಿದರೆ ಆ ಫೈಲ್ ಓದಿ ಕಳಿಸಬೇಕು. ಸಾಕೆಟ್‌ಗಳೆಲ್ಲ ಒಂದೇ ಥ್ರೆಡ್ಡಿನಲ್ಲಿ ಈಪೋಲ್ (ಯಾವ ಸಾಕೆಟ್ ಸಿದ್ಧವಿದೆ ಎಂದು ತಿಳಿಸುವ ಲಿನಕ್ಸ್ ವ್ಯವಸ್ಥೆ) ಮೇಲೆ ಚೆನ್ನಾಗಿ ನಡೆಯುತ್ತಿವೆ. ಆದರೆ ಹಳೆಯ ಫೈಲ್ ಓದುವಾಗ ಕೆಲವು ಸಲ ಇಡೀ ಸರ್ವರ್ ನಿಂತುಬಿಡುತ್ತದೆ. ಫೈಲಿಗೂ 'ಕಾಯಿಸಬೇಡ' ಎನ್ನುವ ಓ_ನಾನ್‌ಬ್ಲಾಕ್ ಫ್ಲಾಗ್ ಹಾಕಿದೆ, ಏನೂ ಬದಲಾಗಲಿಲ್ಲ. ಫೈಲನ್ನು ಈಪೋಲ್‌ಗೆ ಸೇರಿಸಲು ಹೋದರೆ 'ಆಪರೇಷನ್ ನಾಟ್ ಪರ್ಮಿಟೆಡ್' ಎನ್ನುತ್ತದೆ, ರೂಟ್ ಆಗಿ ಓಡಿಸಿದರೂ ಅದೇ. ಕಾಯದೆ ಓದಿಸುವ ಏಐಓ (ಅಸಿಂಕ್ರನಸ್ ಐಓ), ಐಓ ಯುರಿಂಗ್ ಎಂದೆಲ್ಲ ಓದಿ ತಲೆ ಕೆಟ್ಟಿದೆ. ಯಾವುದನ್ನು ಹಿಡಿಯಲಿ, ಹೇಗೆ ಹೊಂದಿಸಲಿ?

ಉತ್ತರ: ಮೊದಲು ಆ ಎರರ್ ವಿಷಯ ಮುಗಿಸಿಬಿಡೋಣ. 'ಪರ್ಮಿಟೆಡ್' ಎಂಬ ಪದ ಕಂಡ ಕೂಡಲೇ ಎಲ್ಲರೂ ಫೈಲಿನ ಪರ್ಮಿಷನ್ ನೋಡುತ್ತಾರೆ, ಸುಡೋ ಹಾಕುತ್ತಾರೆ. ಇಲ್ಲಿ ಅನುಮತಿಯ ಪ್ರಶ್ನೆಯೇ ಇಲ್ಲ. ಈಪೋಲ್‌ಗೆ ಹೊಂದದ ಡಿಸ್ಕ್ರಿಪ್ಟರ್ (ತೆರೆದ ಫೈಲ್, ಸಾಕೆಟ್‌ಗಳನ್ನು ಗುರುತಿಸುವ ಸಂಖ್ಯೆ) ಕೊಟ್ಟರೆ ಈಪೋಲ್_ಸಿಟಿಎಲ್ ಈ-ಪರ್ಮ್ ಎಂಬ ಎರರ್ ಕೊಡುತ್ತದೆ, ಅಷ್ಟೇ. ಡಿಸ್ಕಿನ ಮೇಲಿನ ಸಾಮಾನ್ಯ ಫೈಲ್, ಡೈರೆಕ್ಟರಿ ಎರಡೂ ಅದಕ್ಕೆ ಹೊಂದುವುದಿಲ್ಲ. ರೂಟ್ ಅಲ್ಲ, ಯಾರೇ ಬಂದರೂ ಹೊಂದುವುದಿಲ್ಲ. ಎರರ್‌ಗೆ ಇನ್ನೊಂದು ಹೆಸರು ಕೊಟ್ಟಿದ್ದರೆ ಎಷ್ಟೋ ಜನರ ಸಂಜೆ ಉಳಿಯುತ್ತಿತ್ತು.

ಒಂದು ಲೆಕ್ಕದಲ್ಲಿ ಈಪೋಲ್ ಇಲ್ಲಿ ಒಳ್ಳೆಯದನ್ನೇ ಮಾಡುತ್ತಿದೆ. ಹಳೆಯ ಸೆಲೆಕ್ಟ್ ಅಥವಾ ಪೋಲ್ ಕಾಲ್‌ಗೆ ಅದೇ ಫೈಲ್ ಕೊಟ್ಟು ನೋಡಿ. ಎರರ್ ಬರುವುದಿಲ್ಲ. 'ಓದಲು ಸಿದ್ಧ' ಎಂದು ಹೇಳುತ್ತದೆ, ಯಾವಾಗ ಕೇಳಿದರೂ ಅದನ್ನೇ ಹೇಳುತ್ತದೆ. ನೀವು ಅದನ್ನು ನಂಬಿ ರೀಡ್ ಕರೆದರೆ ಥ್ರೆಡ್ ಅಲ್ಲೇ ನಿಲ್ಲುತ್ತದೆ. ಈಪೋಲ್ ಸುಳ್ಳು ಹೇಳದೆ ಬಾಗಿಲಲ್ಲೇ ವಾಪಸ್ ಕಳಿಸಿತು. ಓ_ನಾನ್‌ಬ್ಲಾಕ್ ಕಥೆಯೂ ಇದೇ. ಸಾಕೆಟ್, ಪೈಪ್, ಸೀರಿಯಲ್ ಪೋರ್ಟ್ ಇವಕ್ಕೆ ಅದು ನಾಟುತ್ತದೆ. ಡಿಸ್ಕಿನ ಫೈಲಿಗೆ ಹಾಕಿದರೆ ಕರ್ನಲ್ ಸುಮ್ನೆ ಒಪ್ಪಿಕೊಳ್ಳುತ್ತದೆ, ಆಮೇಲೆ ಗಮನಿಸುವುದೇ ಇಲ್ಲ.

ಯಾಕೆ ಹೀಗೆ? ನಿಮ್ಮ ಎಲ್ಲ ಗೊಂದಲದ ಬೇರು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ. ರೇಷನ್ ಅಂಗಡಿಗೆ ಅಕ್ಕಿ ಬಂದಿದೆ ಅಂತ ಸುದ್ದಿ ಬಂದರೆ ಚೀಲ ಹಿಡಿದು ನೀವೇ ಹೋಗಿ ತರಬೇಕು. ಗ್ಯಾಸ್ ಸಿಲಿಂಡರ್ ಹಾಗಲ್ಲ. ಬುಕ್ ಮಾಡಿ ನಿಮ್ಮ ಕೆಲಸ ನೋಡಿಕೊಳ್ಳುತ್ತೀರಿ, ಅದು ಮನೆಗೆ ಬಂದಾಗ ವಿಷಯ ಮುಗಿದಿರುತ್ತದೆ. ಈಪೋಲ್ ಮೊದಲನೆಯ ಜಾತಿ: 'ಸಿದ್ಧವಾಗಿದೆ, ಬಂದು ತಗೋ' ಎನ್ನುತ್ತದೆ. ಏಐಓ, ಐಓ ಯುರಿಂಗ್ ಎರಡನೆಯ ಜಾತಿ: 'ನೀನು ಹೇಳಿದ್ದು ಮುಗಿಯಿತು' ಎನ್ನುತ್ತವೆ. ಸಾಕೆಟ್ಟಿಗೆ 'ಸಿದ್ಧ' ಎಂಬ ಸ್ಥಿತಿ ಇದೆ. ಆ ಕಡೆಯಿಂದ ಯಾರೋ ಕಳಿಸಿದ ಬೈಟ್‌ಗಳು ನೀವು ಕೇಳದಿದ್ದರೂ ಕರ್ನಲ್ ಬಫರಿಗೆ ಬಂದು ಕೂತಿರುತ್ತವೆ. ಫೈಲಿಗೆ ಅಂಥ ಸ್ಥಿತಿ ಇಲ್ಲ. ಯಾವ ಆಫ್‌ಸೆಟ್ (ಫೈಲಿನೊಳಗೆ ಎಲ್ಲಿಂದ), ಎಷ್ಟು ಬೈಟ್ ಎಂದು ನೀವು ಹೇಳುವ ತನಕ ಡಿಸ್ಕ್ ಏನನ್ನೂ ತರುವುದಿಲ್ಲ. ಕೇಳದೇ ಇದ್ದದ್ದು ಸಿದ್ಧವಾಗುವುದು ಹೇಗೆ? ಹಾಗಾಗಿ ಫೈಲಿಗೆ 'ಮುಗಿಯಿತು' ಎನ್ನುವ ವ್ಯವಸ್ಥೆಯೇ ಬೇಕು. ಕೆಳಗೆ ಹೇಳುವುದೆಲ್ಲ ಆ ವ್ಯವಸ್ಥೆಯನ್ನು ಎಲ್ಲಿಂದ ಪಡೆಯುವುದು ಎಂಬುದರ ಬಗ್ಗೆಯೇ.

'ಕೆಲವು ಸಲ ನಿಲ್ಲುತ್ತದೆ' ಎಂದಿರಿ. ಆ 'ಕೆಲವು ಸಲ'ಕ್ಕೂ ಕಾರಣ ಇದೆ. ರೀಡ್ ಕರೆದಾಗ ಕರ್ನಲ್ ಮೊದಲು ಪೇಜ್ ಕ್ಯಾಶ್ (ಫೈಲಿನ ಭಾಗಗಳನ್ನು ಮೆಮೊರಿಯಲ್ಲಿ ಇಟ್ಟುಕೊಂಡಿರುವ ಜಾಗ) ನೋಡುತ್ತದೆ. ಆ ಭಾಗ ಮೆಮೊರಿಯಲ್ಲಿ ಇದ್ದರೆ ಕಾಪಿ ಮಾಡಿ ಕೊಟ್ಟುಬಿಡುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ಇಲ್ಲದಿದ್ದರೆ ಡಿಸ್ಕಿಗೆ ಹೋಗಬೇಕು, ಅಲ್ಲಿಯವರೆಗೆ ಥ್ರೆಡ್ ನಿದ್ದೆ. ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಜಾಗ ಹುಡುಕಿ ಓದಲು 10 ಮಿಲಿಸೆಕೆಂಡಿನ ಆಸುಪಾಸು ಬೇಕು. ಎಸ್‌ಎಸ್‌ಡಿಯಲ್ಲಿ ಅದರ ನೂರರಲ್ಲೊಂದು ಭಾಗ. ಕ್ಲೌಡ್ ಬಾಡಿಗೆ ಯಂತ್ರಗಳ ಡಿಸ್ಕ್ ನೆಟ್‌ವರ್ಕ್ ಆಚೆ ಇರುವುದರಿಂದ ಅದರ ಮರ್ಜಿ ಬೇರೆ. ಒಂದೇ ಥ್ರೆಡ್ಡಿನಲ್ಲಿ ಎಲ್ಲ ನಡೆಯುವಾಗ ಆ ಥ್ರೆಡ್ ಮಲಗಿದರೆ ಲಾರಿಗಳೆಲ್ಲ ಕಾಯುತ್ತವೆ. ಅವುಗಳ ಮಾಹಿತಿ ಸಾಕೆಟ್ ಬಫರಿನಲ್ಲಿ ಬಂದು ಬಿದ್ದಿರುತ್ತದೆ, ತೆಗೆಯುವವರು ಇರುವುದಿಲ್ಲ.

ನಿಮ್ಮ ಲ್ಯಾಪ್‌ಟಾಪಿನಲ್ಲಿ ಪರೀಕ್ಷೆ ಮಾಡಿದಾಗ ಇದು ಕಾಣುವುದೇ ಇಲ್ಲ. ಅದೇ ಫೈಲನ್ನು ಎರಡನೆಯ ಸಲ ಓದುವಾಗ ಅದು ಕ್ಯಾಶಿನಲ್ಲೇ ಇರುತ್ತದೆ. ತೊಂದರೆಯನ್ನು ಕಣ್ಣಾರೆ ನೋಡಬೇಕೆಂದರೆ ಪ್ರತಿ ಪರೀಕ್ಷೆಗೆ ಮುಂಚೆ ರೂಟ್ ಆಗಿ ಪ್ರೊಕ್ ಫೈಲ್‌ಸಿಸ್ಟಮ್ಮಿನ ಸಿಸ್ ಒಳಗಿನ ವಿಎಂ ಡೈರೆಕ್ಟರಿಯಲ್ಲಿರುವ ಡ್ರಾಪ್_ಕ್ಯಾಶಸ್ ಎಂಬ ಫೈಲಿಗೆ 3 ಎಂದು ಬರೆಯಿರಿ. ಕ್ಯಾಶ್ ಖಾಲಿಯಾಗುತ್ತದೆ. ಆಮೇಲೆ ಇನ್ನೊಂದು ಟರ್ಮಿನಲ್‌ನಲ್ಲಿ ನಿಮ್ಮ ಪ್ರೋಗ್ರಾಮನ್ನು, ಅದು ಮಾಡುವ ಸಿಸ್ಟಮ್ ಕಾಲ್‌ಗಳನ್ನು ತೋರಿಸುವ ಎಸ್‌ಟ್ರೇಸ್‌ಗೆ ಕಟ್ಟಿ, ಪ್ರತಿ ಕಾಲ್ ತೆಗೆದುಕೊಂಡ ಸಮಯ ತೋರಿಸು ಎಂದು ಹೇಳಿ. ಈಪೋಲ್_ವೇಟ್, ರೀಡ್, ಸೆಂಡ್ ಎಂದು ಸಾಲು ಸಾಲಾಗಿ ಹೋಗುತ್ತಿರುತ್ತದೆ. ಎಲ್ಲೋ ಒಂದು ರೀಡ್ ಮಾತ್ರ ಉಳಿದವಕ್ಕಿಂತ ನೂರಾರು ಪಟ್ಟು ಜಾಸ್ತಿ ಹೊತ್ತು ತಿಂದಿರುತ್ತದೆ. ಅದೇ ಆಸಾಮಿ. ಆ ಕ್ಷಣದಲ್ಲಿ ಪಿಎಸ್ ಕಮಾಂಡ್ ಓಡಿಸಿದರೆ ಥ್ರೆಡ್ಡಿನ ಸ್ಥಿತಿ 'ಡಿ' ಎಂದು ಕಾಣುತ್ತದೆ. ಡಿಸ್ಕಿಗಾಗಿ ಕಾದು ಕೂತಿದೆ, ಸದ್ಯಕ್ಕೆ ಎಬ್ಬಿಸುವ ಹಾಗಿಲ್ಲ ಎಂದು ಅರ್ಥ.

ಈಪೋಲ್ ಕಡೆ ಎಲ್ಲ ಚೆನ್ನಾಗಿದೆ ಎಂದಿದ್ದೀರಿ. ಇರಬಹುದು. ಆದರೂ ಪೆಟ್ಟಿಗೆಗಳ ಸಂಖ್ಯೆ ಏರಿದಾಗ ಕೈಕೊಡುವ ಕೆಲವು ಜಾಗಗಳನ್ನು ಹೇಳಿಬಿಡುತ್ತೇನೆ. ಒಂದು ಪ್ರೋಸೆಸ್ ತೆರೆಯಬಹುದಾದ ಡಿಸ್ಕ್ರಿಪ್ಟರ್‌ಗಳ ಮಿತಿ ಎಷ್ಟೋ ಯಂತ್ರಗಳಲ್ಲಿ 1024 ಇರುತ್ತದೆ. ಅದು ಮುಗಿದಾಗ ಆಕ್ಸೆಪ್ಟ್ ಎರರ್ ಕೊಡುತ್ತದೆ, ಆದರೆ ಕಾಯುತ್ತಿರುವ ಸಂಪರ್ಕ ಅಲ್ಲೇ ಉಳಿಯುತ್ತದೆ. ಈಪೋಲ್ ಮತ್ತೆ ಮತ್ತೆ 'ಬಂದಿದೆ, ಬಂದಿದೆ' ಎಂದು ಎಬ್ಬಿಸಿ ಸಿಪಿಯು ನೂರಕ್ಕೆ ನೂರು ಓಡುತ್ತದೆ. ಯುಲಿಮಿಟ್‌ನಿಂದ ಆ ಮಿತಿ ಏರಿಸಿ, ಆ ಎರರ್ ಬಂದಾಗ ಹೊಸ ಸಂಪರ್ಕ ಸ್ವೀಕರಿಸುವ ಸಾಕೆಟ್ಟನ್ನು ಸ್ವಲ್ಪ ಹೊತ್ತು ಈಪೋಲ್‌ನಿಂದ ಹೊರಗಿಡಿ. ಇನ್ನು ಹೊಸದೇನಾದರೂ ಬಂದಾಗ ಮಾತ್ರ ತಿಳಿಸುವ ಎಡ್ಜ್ ಟ್ರಿಗರ್ ಬಳಸುತ್ತಿದ್ದರೆ ಈ-ಅಗೇನ್ ('ಸದ್ಯಕ್ಕೆ ಏನೂ ಇಲ್ಲ' ಎಂಬ ಎರರ್) ಬರುವ ತನಕ ಓದಲೇಬೇಕು. ಅರ್ಧಕ್ಕೆ ಬಿಟ್ಟರೆ, ಆ ಪೆಟ್ಟಿಗೆ ಮತ್ತೇನಾದರೂ ಕಳಿಸುವ ತನಕ ಸುದ್ದಿಯೇ ಬರುವುದಿಲ್ಲ. ನನ್ನ ಮಾತು ಕೇಳುವುದಾದರೆ ಓದದೆ ಉಳಿದದ್ದು ಇರುವ ತನಕ ತಿಳಿಸುತ್ತಲೇ ಇರುವ ಲೆವೆಲ್ ಟ್ರಿಗರ್‌ನಲ್ಲೇ ಇರಿ. ಎಡ್ಜ್ ಟ್ರಿಗರ್‌ನಿಂದ ಸಿಗುವ ಲಾಭ ನಿಮ್ಮ ಗಾತ್ರದ ಸರ್ವರ್‌ನಲ್ಲಿ ಅಳೆಯಲೂ ಸಿಗಲಿಕ್ಕಿಲ್ಲ.

ಕಳಿಸುವ ಕಡೆ ಮಾತ್ರ ನಿಜವಾಗಿಯೂ ಗಮನ ಕೊಡಿ, ಯಾಕಂದ್ರೆ ನೀವು ದೊಡ್ಡ ಫೈಲ್ ಕಳಿಸುತ್ತಿದ್ದೀರಿ. ಸೆಂಡ್‌ಗೆ 65,536 ಬೈಟ್ ಕೊಟ್ಟರೆ ಅದು 20 ಸಾವಿರ ತೆಗೆದುಕೊಂಡು ಸಾಕು ಎನ್ನಬಹುದು. ಉಳಿದದ್ದನ್ನು ನೀವೇ ಇಟ್ಟುಕೊಳ್ಳಬೇಕು. ಆಗ ಮಾತ್ರ ಆ ಸಾಕೆಟ್ಟಿಗೆ 'ಬರೆಯಲು ಸಿದ್ಧವಾದಾಗ ತಿಳಿಸು' ಎನ್ನುವ ಈಪೋಲ್‌ಔಟ್ ಹಾಕಿ, ಉಳಿದದ್ದು ಹೋದ ಕೂಡಲೇ ತೆಗೆಯಿರಿ. ಯಾವಾಗಲೂ ಹಾಕಿಟ್ಟರೆ, ಖಾಲಿ ಇರುವ ಪ್ರತಿ ಸಾಕೆಟ್ಟೂ ಬರೆಯಲು ಸಿದ್ಧವೇ ತಾನೇ, ಲೂಪ್ ಸುಮ್ನೆ ಸುತ್ತುತ್ತಲೇ ಇರುತ್ತದೆ.

ಈಗ ಫೈಲಿಗೆ ಬರೋಣ. ನಿಮ್ಮ ಮುಂದೆ ನಾಲ್ಕು ದಾರಿ ಕಾಣುತ್ತಿವೆ. ಅದರಲ್ಲಿ ಎರಡನ್ನು ಬೇಗ ಬದಿಗಿಡಬಹುದು.

ಪೋಸಿಕ್ಸ್ ಏಐಓ ಎಂದರೆ ಏಐಓ_ರೀಡ್, ಏಐಓ_ಎರರ್, ಏಐಓ_ರಿಟರ್ನ್ ಎಂಬ ಆ ಕುಟುಂಬ. ಹೆಸರು ನೋಡಿದರೆ ನಿಮಗೆ ಬೇಕಾದದ್ದೇ ಅನ್ನಿಸುತ್ತದೆ. ಕಂಟ್ರೋಲ್ ಬ್ಲಾಕ್ ತುಂಬಿ ಕೊಟ್ಟರೆ ಕೂಡಲೇ ವಾಪಸ್ ಬರುತ್ತದೆ, ಮುಗಿಯಿತೇ ಎಂದು ಆಮೇಲೆ ಕೇಳಬಹುದು. ಆದರೆ ಲಿನಕ್ಸ್‌ನ ಜಿಲಿಬ್‌ಸಿಯಲ್ಲಿ ಇದು ಕರ್ನಲ್ ಕೆಲಸವೇ ಅಲ್ಲ. ಲೈಬ್ರರಿ ನಿಮಗೆ ತಿಳಿಸದೆ ಒಳಗೆ ಥ್ರೆಡ್‌ಗಳನ್ನು ಎಬ್ಬಿಸಿ, ಅವುಗಳ ಕೈಯಲ್ಲಿ ಮಾಮೂಲಿ ಓದು ಮಾಡಿಸುತ್ತದೆ. ಥ್ರೆಡ್ಡೇ ಬೇಕೆಂದರೆ ನಾವೇ ಇಟ್ಟುಕೊಂಡರೆ ಹಿಡಿತ ನಮ್ಮ ಕೈಯಲ್ಲಿರುತ್ತದೆ, ಅಲ್ವಾ? ಮುಗಿದ ಸುದ್ದಿ ಸಿಗ್ನಲ್ ಮೂಲಕ ಬರಲಿ ಎಂದು ಕೇಳಿಕೊಂಡರಂತೂ ಸಿಗ್ನಲ್ ಹ್ಯಾಂಡ್ಲರ್ ಒಳಗೆ ಮೆಮೊರಿ ಕೇಳುವ ಹಾಗೂ ಇಲ್ಲ, ಪ್ರಿಂಟ್‌ಎಫ್ ಕರೆಯುವ ಹಾಗೂ ಇಲ್ಲ. ಬೇಡ.

ಎರಡನೆಯದು ಲಿನಕ್ಸ್‌ನ ಹಳೆಯ ಸ್ವಂತ ಏಐಓ: ಐಓ_ಸೆಟಪ್, ಐಓ_ಸಬ್‌ಮಿಟ್, ಐಓ_ಗೆಟ್‌ಇವೆಂಟ್ಸ್. ಇದು ನಿಜವಾಗಿ ಕರ್ನಲ್‌ದು. ಆದರೆ ಫೈಲನ್ನು ಓ_ಡೈರೆಕ್ಟ್ ಹಾಕಿ ತೆರೆದಾಗ ಮಾತ್ರ ಅಸಿಂಕ್ರನಸ್. ಅಂದರೆ ಪೇಜ್ ಕ್ಯಾಶ್ ಬಿಟ್ಟು, ಬಫರ್ ವಿಳಾಸ, ಆಫ್‌ಸೆಟ್, ಉದ್ದ ಎಲ್ಲವನ್ನೂ 512 ಅಥವಾ 4096ರ ಗುಣಕಕ್ಕೆ ಹೊಂದಿಸಿ ಓದಬೇಕು. ಮಾಮೂಲಿ ಫೈಲ್ ಕೊಟ್ಟರೆ ದೂರು ಹೇಳುವುದಿಲ್ಲ. ಐಓ_ಸಬ್‌ಮಿಟ್ ಒಳಗೇ ಕೂತು ಓದು ಮುಗಿಸಿ ವಾಪಸ್ ಬರುತ್ತದೆ. ಅಸಿಂಕ್ ಅಂದುಕೊಂಡು ಅದೇ ಹಳ್ಳಕ್ಕೆ ಬಿದ್ದಂತಾಯಿತು. ಮೈಎಸ್‌ಕ್ಯುಎಲ್‌ನ ಇನ್ನೋಡಿಬಿ ತರಹದವರು ತಮ್ಮದೇ ಕ್ಯಾಶ್ ಇಟ್ಟುಕೊಂಡಿರುವುದರಿಂದ ಅವರಿಗೆ ಇದು ಸರಿಹೋಗುತ್ತದೆ. ನಿಮಗೆ ಅದರ ಗೊಡವೆ ಬೇಡ.

ಉಳಿದದ್ದು ಎರಡು: ನಮ್ಮದೇ ಥ್ರೆಡ್ ಪೂಲ್, ಇಲ್ಲವೇ ಐಓ ಯುರಿಂಗ್. ನಿಮ್ಮ ಸರ್ವರ್‌ಗೆ ನನ್ನ ಓಟು ಥ್ರೆಡ್ ಪೂಲ್‌ಗೆ. ಹಳೇ ಕಾಲದ ಉಪಾಯ ಎಂದು ಮೂಗು ಮುರಿಯಬೇಡಿ. ನೋಡ್ ಜೆಎಸ್ ಕೆಳಗಿರುವ ಲಿಬ್‌ಯುವಿ ಫೈಲ್ ಕೆಲಸಕ್ಕೆ ಇವತ್ತಿಗೂ ಡೀಫಾಲ್ಟ್ ಆಗಿ 4 ಥ್ರೆಡ್‌ಗಳ ಪೂಲ್ ಬಳಸುತ್ತದೆ. 2025ರಲ್ಲಿ ಬಂದ ಪೋಸ್ಟ್‌ಗ್ರೆಸ್ 18 ಅಸಿಂಕ್ರನಸ್ ಓದನ್ನು ಸೇರಿಸಿತಲ್ಲ, ಅದರಲ್ಲೂ ಡೀಫಾಲ್ಟ್ ವಿಧಾನ ಬೇರೆ ವರ್ಕರ್ ಪ್ರೋಸೆಸ್‌ಗಳ ಕೈಗೆ ಕೆಲಸ ಕೊಡುವುದೇ. ಐಓ ಯುರಿಂಗ್ ಬೇಕಾದವರು ಅದನ್ನು ಸೆಟ್ಟಿಂಗ್‌ನಲ್ಲಿ ಆರಿಸಿಕೊಳ್ಳಬೇಕು.

ಪೂಲ್ ಹೊಂದಿಸುವುದು ಹೀಗೆ. ಒಂದು ಕೆಲಸಕ್ಕೆ ಒಂದು ಸ್ಟ್ರಕ್ಟ್: ಯಾವ ಫೈಲ್, ಯಾವ ಆಫ್‌ಸೆಟ್, ಎಷ್ಟು ಉದ್ದ, ಯಾವ ಬಫರ್, ಯಾರಿಗಾಗಿ, ಫಲಿತಾಂಶ ಏನು. ಮ್ಯೂಟೆಕ್ಸ್ ಮತ್ತು ಕಂಡೀಷನ್ ವೇರಿಯಬಲ್ ಇರುವ ಒಂದು ಕ್ಯೂ. ನಾಲ್ಕು ವರ್ಕರ್ ಥ್ರೆಡ್. ಪ್ರತಿ ವರ್ಕರ್ ಕ್ಯೂನಿಂದ ಕೆಲಸ ಎತ್ತಿಕೊಂಡು ಪಿರೀಡ್ ಕರೆಯುತ್ತದೆ. ಎಲ್‌ಸೀಕ್ ಮಾಡಿ ರೀಡ್ ಮಾಡುವುದು ಬೇಡ. ಒಂದೇ ಡಿಸ್ಕ್ರಿಪ್ಟರ್ ಮೇಲೆ ಇಬ್ಬರು ವರ್ಕರ್‌ಗಳು ಸೀಕ್ ಮಾಡಿದರೆ ಒಬ್ಬರ ಜಾಗ ಇನ್ನೊಬ್ಬರು ಕದಲಿಸುತ್ತಾರೆ. ಪಿರೀಡ್‌ಗೆ ಆಫ್‌ಸೆಟ್ ನೇರವಾಗಿ ಕೊಡುವುದರಿಂದ ಆ ಜಗಳ ಇಲ್ಲ.

ಮುಗಿದದ್ದನ್ನು ಈಪೋಲ್ ಲೂಪಿಗೆ ತಿಳಿಸುವುದು ಹೇಗೆ? ಇದಕ್ಕೆಂದೇ ಇವೆಂಟ್‌ಎಫ್‌ಡಿ ಎಂಬ ಕಾಲ್ ಇದೆ. ಕರ್ನಲ್ ಒಳಗಿನ ಒಂದು 64 ಬಿಟ್ ಎಣಿಕೆ, ಅದಕ್ಕೊಂದು ಡಿಸ್ಕ್ರಿಪ್ಟರ್. ಸಾಮಾನ್ಯ ಫೈಲನ್ನು ಒಪ್ಪದ ಈಪೋಲ್ ಇದನ್ನು ಸಂತೋಷದಿಂದ ಒಪ್ಪುತ್ತದೆ. ವರ್ಕರ್ ತನ್ನ ಕೆಲಸವನ್ನು 'ಮುಗಿದವು' ಪಟ್ಟಿಗೆ ಸೇರಿಸಿ, ಇವೆಂಟ್‌ಎಫ್‌ಡಿಗೆ 8 ಬೈಟಿನ 1 ಬರೆಯುತ್ತದೆ. ಲೂಪ್ ಎಚ್ಚರವಾಗಿ 8 ಬೈಟ್ ಓದುತ್ತದೆ, ಎಣಿಕೆ ಸೊನ್ನೆಗೆ ಇಳಿಯುತ್ತದೆ. ಇಲ್ಲಿ ಒಂದು ಕಡೆ ಎಡವುವವರು ಬಹಳ. ಲೂಪ್ ಬೇರೆ ಕೆಲಸದಲ್ಲಿದ್ದಾಗ ಮೂವರು ವರ್ಕರ್‌ಗಳು ಮುಗಿಸಿದರೆ ಮೂರು ಸಲ ಎಬ್ಬಿಸುವುದಿಲ್ಲ. ಎಣಿಕೆ 3 ಆಗಿರುತ್ತದೆ, ಎಚ್ಚರ ಒಂದೇ ಸಲ. ಆದ್ದರಿಂದ ಎದ್ದಾಗಲೆಲ್ಲ ಪಟ್ಟಿ ಖಾಲಿಯಾಗುವ ತನಕ ತೆಗೆಯಿರಿ. ಒಂದನ್ನೇ ತೆಗೆದು ಮಲಗಿದರೆ ಇನ್ನೆರಡು ಗ್ರಾಹಕರು ಅರ್ಧ ಫೈಲ್ ಹಿಡಿದು ಕಾಯುತ್ತಿರುತ್ತಾರೆ, ನೀವು ನೆಟ್‌ವರ್ಕನ್ನು ಬೈಯುತ್ತಿರುತ್ತೀರಿ.

ಒಂದೊಂದು ಸಲಕ್ಕೆ 64 ಕೆಬಿ ಓದಿ. ಆ ತುಂಡು ಪೂರ್ತಿ ಸಾಕೆಟ್ಟಿಗೆ ಹೋಗುವ ತನಕ ಅದೇ ಗ್ರಾಹಕರಿಗೆ ಮುಂದಿನ ತುಂಡು ಕೇಳಬೇಡಿ. ಮೊಬೈಲ್ ಡೇಟಾದಲ್ಲಿ ನಿಧಾನವಾಗಿ ಎಳೆಯುವವರೊಬ್ಬರು ಇದ್ದರೂ ಅವರ ಪಾಲಿನ ಮೆಮೊರಿ 64 ಕೆಬಿ ದಾಟುವುದಿಲ್ಲ. ಒಟ್ಟಿಗೆ 500 ಜನ ಕೇಳಿದರೂ ಸುಮಾರು 32 ಎಂಬಿ. ಇಡೀ ಫೈಲ್ ಓದಿಟ್ಟುಕೊಂಡು ಕಳಿಸುವವರಿಗೆ ಈ ನೆಮ್ಮದಿ ಇಲ್ಲ.

ಇದರ ಮೇಲೆ ಒಂದು ಸಣ್ಣ ಉಪಾಯ ಇದೆ, ಬಹಳ ಜನರಿಗೆ ಗೊತ್ತಿಲ್ಲ, ನನಗಂತೂ ತುಂಬ ಇಷ್ಟ. ಲಿನಕ್ಸ್ 4.14ರಿಂದ ಪಿರೀಡ್‌ವಿ2 ಎಂಬ ಓದುವ ಕಾಲ್‌ಗೆ ಆರ್‌ಡಬ್ಲ್ಯುಎಫ್_ನೋವೇಟ್ ಎಂಬ ಫ್ಲಾಗ್ ಕೊಡಬಹುದು. 'ಪೇಜ್ ಕ್ಯಾಶಿನಲ್ಲಿ ಇದ್ದರೆ ಕೊಡು, ಇಲ್ಲದಿದ್ದರೆ ಕಾಯಬೇಡ' ಎಂದು ಅದರ ಅರ್ಥ. ಇಲ್ಲದಿದ್ದರೆ ಈ-ಅಗೇನ್ ಬರುತ್ತದೆ. ಓ_ನಾನ್‌ಬ್ಲಾಕ್ ಹಾಕಿದಾಗ ನೀವು ನಿರೀಕ್ಷಿಸಿದ್ದು ಇದನ್ನೇ! ಹಾಗಾಗಿ ಈಪೋಲ್ ಲೂಪಿನಲ್ಲೇ ಮೊದಲು ಈ ಕಾಲ್ ಮಾಡಿ ನೋಡಿ. ಸಿಕ್ಕಿತೋ, ಅಲ್ಲೇ ಕಳಿಸಿಬಿಡಿ. ಸಿಗಲಿಲ್ಲವೋ, ಪೂಲ್‌ಗೆ ಕೊಡಿ. ಅರ್ಧ ಕ್ಯಾಶಿನಲ್ಲಿದ್ದು ಅರ್ಧ ಇಲ್ಲದಿದ್ದರೆ ಕೇಳಿದ್ದಕ್ಕಿಂತ ಕಡಿಮೆ ಬೈಟ್ ಬರಬಹುದು, ಅದನ್ನು ಫೈಲ್ ಮುಗಿಯಿತು ಎಂದು ತಿಳಿಯಬೇಡಿ. ಫೈಲ್ ಮುಗಿದದ್ದಕ್ಕೆ ಗುರುತು ಸೊನ್ನೆ ಮಾತ್ರ. ಜನ ಸಾಮಾನ್ಯವಾಗಿ ನಿನ್ನೆ ಮೊನ್ನೆಯ ಫೈಲನ್ನೇ ಜಾಸ್ತಿ ಕೇಳುತ್ತಾರೆ, ಅವು ಹೆಚ್ಚಿನಂಶ ಕ್ಯಾಶಿನಲ್ಲೇ ಇರುತ್ತವೆ, ಪೂಲ್ ತನಕ ಹೋಗುವ ಕೆಲಸ ಬಹಳ ಕಡಿಮೆಯಾಗುತ್ತದೆ.

ಫೈಲಿನಿಂದ ಸಾಕೆಟ್ಟಿಗೆ ನೇರವಾಗಿ ಕಳಿಸುವ ಸೆಂಡ್‌ಫೈಲ್ ಬಳಸಿದರೆ ಈ ರಗಳೆಯೇ ಇಲ್ಲವಲ್ಲ ಎಂದು ನಿಮಗೆ ಯಾರಾದರೂ ಹೇಳಿಯಾರು. ಅದು ಕಾಪಿ ಮಾಡುವ ಖರ್ಚು ಉಳಿಸುತ್ತದೆ, ನಿಜ. ಆದರೆ ಫೈಲಿನ ಭಾಗ ಕ್ಯಾಶಿನಲ್ಲಿ ಇಲ್ಲದಿದ್ದರೆ ಅದೂ ಡಿಸ್ಕಿಗೆ ಕಾಯುತ್ತದೆ. ಓಪನ್, ಸ್ಟ್ಯಾಟ್ ಇವೂ ಡಿಸ್ಕಿಗೆ ಹೋಗಬಹುದು, ಅವನ್ನೂ ಪೂಲ್‌ಗೆ ತಳ್ಳಿ. ಹೆಸರಿನಿಂದ ಐಪಿ ವಿಳಾಸ ಹುಡುಕುವ ಗೆಟ್‌ಅಡ್ರ್‌ಇನ್ಫೋ ಇದೆಯಲ್ಲ, ಅದು ಡಿಸ್ಕಿಗಿಂತ ದೊಡ್ಡ ಕಳ್ಳ. ಡಿಎನ್‌ಎಸ್ ಉತ್ತರ ಕೊಡದಿದ್ದರೆ ಸೆಕೆಂಡುಗಟ್ಟಲೆ ನಿಲ್ಲಿಸುತ್ತದೆ.

ಇನ್ನು ಐಓ ಯುರಿಂಗ್. ಯೆನ್ಸ್ ಆಕ್ಸ್‌ಬೋ ಬರೆದದ್ದು, 2019ರ ಮೇ ತಿಂಗಳಲ್ಲಿ ಲಿನಕ್ಸ್ 5.1ರ ಜೊತೆ ಬಂತು. ಇದರ ಯೋಚನೆ ಚೆನ್ನಾಗಿದೆ. ನಿಮ್ಮ ಪ್ರೋಗ್ರಾಂ ಮತ್ತು ಕರ್ನಲ್ ಇಬ್ಬರೂ ನೋಡಬಹುದಾದ ಮೆಮೊರಿಯಲ್ಲಿ ಎರಡು ಉಂಗುರದಂಥ ಕ್ಯೂಗಳು. ಒಂದರಲ್ಲಿ ನೀವು ಬೇಡಿಕೆ ಬರೆಯುತ್ತೀರಿ, ಇನ್ನೊಂದರಲ್ಲಿ ಕರ್ನಲ್ ಫಲಿತಾಂಶ ಬರೆಯುತ್ತದೆ. ಬೇಡಿಕೆಯ ಒಂದು ನಮೂನೆ 64 ಬೈಟ್, ಫಲಿತಾಂಶದ್ದು 16 ಬೈಟ್. ಹತ್ತಾರು ಬೇಡಿಕೆ ತುಂಬಿಸಿ ಒಂದೇ ಸಿಸ್ಟಮ್ ಕಾಲ್‌ನಲ್ಲಿ ಒಪ್ಪಿಸಬಹುದು. ಫೈಲು, ಸಾಕೆಟ್ಟು, ಟೈಮರ್ ಎಲ್ಲಕ್ಕೂ ಒಂದೇ ರೀತಿ.

ಸಿಸ್ಟಮ್ ಕಾಲ್ ಮೂರೇ: ಐಓ_ಯುರಿಂಗ್_ಸೆಟಪ್, ಎಂಟರ್, ರಿಜಿಸ್ಟರ್. ಆದರೆ ಅವನ್ನು ನೇರವಾಗಿ ಮುಟ್ಟಬೇಡಿ. ಉಂಗುರಗಳನ್ನು ಮ್ಯಾಪ್ ಮಾಡಬೇಕು, ಮೆಮೊರಿ ಬ್ಯಾರಿಯರ್ ಸರಿ ಇಡಬೇಕು, ಒಂದು ತಪ್ಪಿದರೂ ತಿಂಗಳಿಗೊಮ್ಮೆ ಕಾಣಿಸಿಕೊಳ್ಳುವ ಬಗ್ ಸಿಗುತ್ತದೆ. ಅದೇ ಲೇಖಕರ ಲಿಬ್‌ಯುರಿಂಗ್ ಲೈಬ್ರರಿ ಇದನ್ನೆಲ್ಲ ನೋಡಿಕೊಳ್ಳುತ್ತದೆ. ಕ್ಯೂ_ಇನಿಟ್‌ಗೆ 256 ಎಂದು ಕೊಟ್ಟರೆ ಅಷ್ಟು ಬೇಡಿಕೆಯ ಜಾಗ, ಅದರ ಎರಡರಷ್ಟು ಫಲಿತಾಂಶದ ಜಾಗ ಸಿಗುತ್ತದೆ. ಗೆಟ್_ಎಸ್‌ಕ್ಯುಇ ಕರೆದು ಖಾಲಿ ನಮೂನೆ ತೆಗೆದುಕೊಳ್ಳಿ. ಜಾಗ ಇಲ್ಲದಿದ್ದರೆ ಅದು ನಲ್ ಕೊಡುತ್ತದೆ, ಆಗ ಇರುವುದನ್ನು ಒಪ್ಪಿಸಿ ಮತ್ತೆ ಕೇಳಬೇಕು. ಪ್ರೆಪ್_ರೀಡ್‌ಗೆ ಡಿಸ್ಕ್ರಿಪ್ಟರ್, ಬಫರ್, ಉದ್ದ, ಆಫ್‌ಸೆಟ್ ಕೊಟ್ಟು ತುಂಬಿಸಿ. ಸೆಟ್_ಡೇಟಾದಲ್ಲಿ ನಿಮ್ಮ ಕೆಲಸದ ಸ್ಟ್ರಕ್ಟ್‌ನ ವಿಳಾಸ ಕಟ್ಟಿ. ಫಲಿತಾಂಶಗಳು ಕೇಳಿದ ಕ್ರಮದಲ್ಲೇ ಬರಬೇಕೆಂದಿಲ್ಲ, ಯಾರದು ಎಂದು ಗುರುತಿಸಲು ಅದೊಂದೇ ಆಧಾರ. ಕೊನೆಗೆ ಸಬ್‌ಮಿಟ್.

ಇರುವ ಈಪೋಲ್ ಲೂಪನ್ನು ಕಿತ್ತು ಎಸೆಯಬೇಕಿಲ್ಲ. ಉಂಗುರಕ್ಕೆ ಒಂದು ಇವೆಂಟ್‌ಎಫ್‌ಡಿ ನೋಂದಾಯಿಸಿ, ಅದನ್ನು ಈಪೋಲ್‌ಗೆ ಸೇರಿಸಿ. ಎಚ್ಚರವಾದಾಗ ಸಿಕ್ಯುಇಗಳನ್ನು (ಫಲಿತಾಂಶದ ನಮೂನೆಗಳನ್ನು) ಒಂದೊಂದಾಗಿ ನೋಡಿ, ಸೀನ್ (ನೋಡಿಯಾಯಿತು) ಎಂದು ಗುರುತು ಹಾಕಿ, ಖಾಲಿಯಾಗುವ ತನಕ. ಎರರ್ ನೋಡುವ ಬಗೆ ಮಾತ್ರ ಬೇರೆ. ಎರ್‌ನೋ ವೇರಿಯಬಲ್ ಮುಟ್ಟಬೇಡಿ, ಅದರಲ್ಲಿ ಏನೂ ಇರುವುದಿಲ್ಲ. ಫಲಿತಾಂಶದ ರೆಸ್ ಎಂಬ ಅಂಕಿಯೇ ಎಲ್ಲ: ಸೊನ್ನೆಗಿಂತ ಜಾಸ್ತಿ ಇದ್ದರೆ ಬೈಟ್‌ಗಳ ಸಂಖ್ಯೆ, ಸೊನ್ನೆ ಇದ್ದರೆ ಫೈಲ್ ಮುಗಿಯಿತು, ಮೈನಸ್ ಇದ್ದರೆ ಎರರ್ ಸಂಖ್ಯೆ.

ಒಳಗೆ ಏನು ನಡೆಯುತ್ತದೆ ಗೊತ್ತಾ? ಕರ್ನಲ್ ಮೊದಲು ಕಾಯದೆ ಓದಲು ನೋಡುತ್ತದೆ. ಕ್ಯಾಶಿನಲ್ಲಿದ್ದರೆ ಅಲ್ಲೇ ಮುಗಿಯಿತು. ಇಲ್ಲದಿದ್ದರೆ, 5.9 ಅಥವಾ ಅದರ ನಂತರದ ಕರ್ನಲ್ ಮತ್ತು ಬೆಂಬಲ ಇರುವ ಫೈಲ್‌ಸಿಸ್ಟಮ್ ಆದರೆ, ಪೇಜ್ ಬಂದಾಗ ಮುಂದುವರಿಸುತ್ತೇನೆ ಎಂದು ಬರೆದಿಟ್ಟುಕೊಳ್ಳುತ್ತದೆ. ಅದೂ ಆಗದ ಕೆಲಸಗಳನ್ನು ಕರ್ನಲ್‌ನ ವರ್ಕರ್ ಥ್ರೆಡ್‌ಗಳಿಗೆ ಕೊಡುತ್ತದೆ. ಮೊದಲು ಕ್ಯಾಶ್, ಆಮೇಲೆ ಪೂಲ್ ಎಂದು ಮೇಲೆ ಹೇಳಿದೆನಲ್ಲ, ಹೆಚ್ಚುಕಮ್ಮಿ ಅದನ್ನೇ ಇದು ಕರ್ನಲ್ ಒಳಗೆ ಮಾಡುತ್ತದೆ.

ಹಾಗಿದ್ದರೆ ಇದನ್ನೇ ಯಾಕೆ ಹಿಡಿಯಬಾರದು? ನಿಮ್ಮ ಸರ್ವರ್ ಎಲ್ಲಿ ಓಡುತ್ತದೆ ಎಂಬುದು ಮುಖ್ಯ. ಈ ಭಾಗದಲ್ಲಿ ಭದ್ರತೆಯ ತೂತುಗಳು ಬಹಳ ಸಿಕ್ಕಿವೆ. ಕರ್ನಲ್ ಒಡೆದು ತೋರಿಸಿದವರಿಗೆ ಬಹುಮಾನ ಕೊಡುವ ತನ್ನ ಯೋಜನೆಗೆ ಬಂದ ದಾಳಿಗಳಲ್ಲಿ ಶೇ. 60ರಷ್ಟು ಐಓ ಯುರಿಂಗ್ ಮೂಲಕವೇ ಬಂದವು ಎಂದು ಗೂಗಲ್ 2023ರಲ್ಲಿ ಹೇಳಿತು. ಕ್ರೋಮ್ಓಎಸ್‌ನಲ್ಲಿ ಅದನ್ನು ಆಫ್ ಮಾಡಿತು, ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಿಗದಂತೆ ಮಾಡಿತು. ಡಾಕರ್‌ನ ಈಚಿನ ಆವೃತ್ತಿಗಳ ಡೀಫಾಲ್ಟ್ ಸೆಕ್‌ಕಾಂಪ್ ಪಟ್ಟಿಯೂ (ಯಾವ ಸಿಸ್ಟಮ್ ಕಾಲ್ ಮಾಡಬಹುದು ಎಂಬ ಪಟ್ಟಿ) ಈ ಮೂರು ಕಾಲ್‌ಗಳನ್ನು ತಡೆಯುತ್ತದೆ. ಲಿನಕ್ಸ್ 6.6ರಿಂದ ಕರ್ನಲ್.ಐಓ_ಯುರಿಂಗ್_ಡಿಸೇಬಲ್ಡ್ ಎಂಬ ಸಿಸ್‌ಸಿಟಿಎಲ್ (ಕರ್ನಲ್ ಸೆಟ್ಟಿಂಗ್) ಇದೆ, ಅದನ್ನು 2ಕ್ಕೆ ಇಟ್ಟರೆ ಯಾರಿಗೂ ಸಿಗುವುದಿಲ್ಲ. ಇಂಥ ಯಂತ್ರದಲ್ಲಿ ಸೆಟಪ್ ಕರೆದರೆ ಮತ್ತದೇ ಈ-ಪರ್ಮ್ ಬರುತ್ತದೆ. ಈ ಸಲ ಮಾತ್ರ ಅದು ನಿಜವಾಗಿಯೂ ಅನುಮತಿಯ ವಿಷಯ. 5.1ಕ್ಕಿಂತ ಹಳೆಯ ಕರ್ನಲ್ ಆದರೆ ಈ-ನೋಸಿಸ್, ಅಂಥ ಕಾಲ್ ಗೊತ್ತೇ ಇಲ್ಲ ಎಂದು. ಎರಡನ್ನೂ ಹಿಡಿದು ಥ್ರೆಡ್ ಪೂಲ್‌ಗೆ ಮರಳುವ ದಾರಿ ಹೇಗೂ ಬೇಕು. ಪೂಲ್ ಹೇಗೂ ಬರೆಯಬೇಕೆಂದಾದರೆ ಮೊದಲು ಅದನ್ನೇ ಬರೆದು ಅಳೆಯಿರಿ ಎಂಬುದು ನನ್ನ ವಾದ. ಸೆಕೆಂಡಿಗೆ ಲಕ್ಷಗಟ್ಟಲೆ ಸಣ್ಣ ಓದುಗಳಿರುವ ಡೇಟಾಬೇಸ್ ಬರೆಯುತ್ತಿದ್ದರೆ ನಾನು ಬೇರೆ ಮಾತಾಡುತ್ತಿದ್ದೆ. ಲಾರಿಗಳ ಹಳೇ ದಾರಿ ತೋರಿಸಲು ಅಷ್ಟು ಬೇಡ.

ಫೈಲ್ ಬರೆಯುವ ಕಡೆಯ ಬಗ್ಗೆ ನೀವು ಕೇಳಲಿಲ್ಲ. ಆದರೂ ಹೇಳುತ್ತೇನೆ, ಮುಂದಿನ ತೊಂದರೆ ಅಲ್ಲಿಂದ ಬರುವುದು. ರೈಟ್ ಕರೆದಾಗ ಮಾಹಿತಿ ಪೇಜ್ ಕ್ಯಾಶಿಗೆ ಹೋಗುತ್ತದೆ ಅಷ್ಟೇ, ಡಿಸ್ಕಿಗಲ್ಲ. ಅದಕ್ಕೇ ಅಷ್ಟು ಬೇಗ ಮುಗಿಯುತ್ತದೆ. ಡಿಸ್ಕಿಗೆ ಸೇರದ ಪೇಜ್‌ಗಳು ಒಂದು ಮಿತಿ ದಾಟಿದಾಗ, ಡೀಫಾಲ್ಟ್ ಡರ್ಟಿ_ರೇಷಿಯೋ ಶೇ. 20, ಬರೆಯುವವರನ್ನೇ ಕರ್ನಲ್ ತಡೆದು ನಿಲ್ಲಿಸುತ್ತದೆ. ಆಗ ನಿಮ್ಮ ಲೂಪ್ ಮತ್ತೆ ಮಲಗಿತು. ಮಾಹಿತಿಯನ್ನು ಡಿಸ್ಕಿಗೆ ಸೇರಿಸಿಯೇ ವಾಪಸ್ ಬರುವ ಎಫ್‌ಸಿಂಕ್ ಕರೆದರಂತೂ ಪ್ರತಿ ಸಲವೂ ಕಾಯಲೇಬೇಕು. ಕರೆಯದಿದ್ದರೆ ಕರೆಂಟ್ ಹೋದಾಗ ಕೊನೆಯ ಅರ್ಧ ನಿಮಿಷದ ಮಾಹಿತಿ ಹೋದೀತು. ಬರೆಯಲೆಂದೇ ಒಂದು ಬೇರೆ ಥ್ರೆಡ್ ಇಡಿ. ಲೂಪ್ ಸಾಲುಗಳನ್ನು ಬಫರಿನಲ್ಲಿ ಕೂಡಿಸಿ ಸೆಕೆಂಡಿಗೊಮ್ಮೆ ಅದರ ಕೈಗೆ ಕೊಡಲಿ, ಅದು ಬರೆದು ಎಫ್‌ಡೇಟಾಸಿಂಕ್ ಮಾಡಲಿ. ಒಬ್ಬರೇ ಬರೆಯುವುದರಿಂದ ಸಾಲುಗಳ ಕ್ರಮವೂ ಕೆಡುವುದಿಲ್ಲ. ಐಓ ಯುರಿಂಗ್‌ನಲ್ಲಿ ಎರಡು ಬರಹ ಒಟ್ಟಿಗೆ ಒಪ್ಪಿಸಿದರೆ ಯಾವುದು ಮೊದಲು ಎಂಬ ಖಾತ್ರಿ ಇಲ್ಲ, ಕ್ರಮ ಬೇಕಾದರೆ ಅವನ್ನು ಲಿಂಕ್ ಫ್ಲಾಗ್ ಹಾಕಿ ಒಂದಕ್ಕೊಂದು ಕಟ್ಟಬೇಕು.

ವಿಂಡೋಸ್‌ಗೂ ಒಯ್ಯುವ ಯೋಚನೆ ಇದ್ದರೆ, ಅಲ್ಲಿ 1994ರ ಎನ್‌ಟಿ 3.5ರಿಂದಲೇ ಕಂಪ್ಲೀಷನ್ ಪೋರ್ಟ್ ಇದೆ. ಫೈಲು, ಸಾಕೆಟ್ಟು ಎರಡಕ್ಕೂ 'ಮುಗಿಯಿತು' ಎನ್ನುವ ರೀತಿಯೇ. ನಿಮ್ಮ ಲೂಪನ್ನು ಈಗಲೇ ಮುಗಿದ ಕೆಲಸಗಳ ಸುತ್ತ ಬರೆದರೆ ಆಗ ಸುಲಭ.

ಕೊನೆಯದಾಗಿ, ಪೂಲ್ ಆಗಲಿ ಯುರಿಂಗ್ ಆಗಲಿ, ಒಂದು ಸಂದರ್ಭವನ್ನು ಬೇಕೆಂದೇ ಪರೀಕ್ಷಿಸಿ. ಗ್ರಾಹಕರೊಬ್ಬರು ಹಳೆಯ ಫೈಲ್ ಕೇಳಿದರು, ಅವರ ಸಾಕೆಟ್ ಸಂಖ್ಯೆ 57. ಓದು ಡಿಸ್ಕಿನಲ್ಲಿ ನಡೆಯುತ್ತಿದೆ. ಅಷ್ಟರಲ್ಲಿ ಅವರು ಬ್ರೌಸರ್ ಮುಚ್ಚಿದರು. ನೀವು 57 ಕ್ಲೋಸ್ ಮಾಡಿ ಬಫರ್ ಫ್ರೀ ಮಾಡಿದಿರಿ. ಓದು ಇನ್ನೂ ಮುಗಿದಿಲ್ಲ, ಬಂದ ಬೈಟ್‌ಗಳು ಈಗ ಬೇರೆ ಯಾರದೋ ಮೆಮೊರಿಯ ಮೇಲೆ ಬೀಳುತ್ತವೆ. ಇದು ಒಂದು ಅಪಾಯ. ಇನ್ನೊಂದು ಇದಕ್ಕಿಂತ ಕೆಟ್ಟದ್ದು. ಹೊಸ ಡಿಸ್ಕ್ರಿಪ್ಟರ್‌ಗೆ ಖಾಲಿ ಇರುವ ಅತಿ ಸಣ್ಣ ಸಂಖ್ಯೆಯನ್ನೇ ಕರ್ನಲ್ ಕೊಡುತ್ತದೆ. ಮುಂದೆ ಬಂದ ಬೇರೆ ಗ್ರಾಹಕರಿಗೆ ಅದೇ 57 ಸಿಕ್ಕಿತು. ಓದು ಮುಗಿಯಿತು, ನಿಮ್ಮ ಕೋಡ್ '57ಕ್ಕೆ ಕಳಿಸು' ಎಂದಿತು. ಒಬ್ಬ ಮಾಲೀಕರ ಲಾರಿಗಳ ಮಾಹಿತಿ ಇನ್ನೊಬ್ಬರ ಕೈಗೆ ಹೋಯಿತು. ಯಾವ ಎರರ್ ಕೂಡ ಬರುವುದಿಲ್ಲ. ಹಾಗಾಗಿ ಕೆಲಸದ ಸ್ಟ್ರಕ್ಟ್‌ನಲ್ಲಿ ಸಾಕೆಟ್ ಸಂಖ್ಯೆ ಇಡಬೇಡಿ. ಸಂಪರ್ಕದ ಸ್ಟ್ರಕ್ಟ್‌ಗೆ ಪಾಯಿಂಟರ್ ಇಡಿ, ಬಾಕಿ ಇರುವ ಓದುಗಳ ಎಣಿಕೆಯನ್ನು ಅದರಲ್ಲೇ ಇಟ್ಟುಕೊಳ್ಳಿ. ಗ್ರಾಹಕರು ಹೋದಾಗ 'ಹೋದರು' ಎಂದು ಗುರುತು ಮಾತ್ರ ಹಾಕಿ, ಸಾಕೆಟ್ ಮುಚ್ಚಿ. ಬಫರ್ ಮತ್ತು ಸ್ಟ್ರಕ್ಟ್ ಫ್ರೀ ಮಾಡುವುದು ಆ ಎಣಿಕೆ ಸೊನ್ನೆಗೆ ಬಂದಾಗ.